ಶ್ರೀಶೈಲ ಪಾದಯಾತ್ರಿ: ಶೂ, ಬೊಬ್ಬಿ, ಅಡವಿ ಬಗ್ಗೆ ಕೇಳಿದ್ದಕ್ಕ ಸ್ವಲ್ಪ ಉದ್ದನ ಉತ್ತರ

ತಂಗಿ, ಇಳಕಲ್ಲಿಂದ ಅತ್ತಿಯವರ ಜೋಡಿ ಈ ಯುಗಾದಿಗೆ ಶ್ರೀಶೈಲಕ್ಕ ನಡಕೊಂತ ಹೊಂಟೀವಿ ಅಂದ್ರಿ, ಯಾವ ಶೂ ತಗೋಬೇಕು, ಬೊಬ್ಬಿ ಬಂದ್ರ ಏನ್ ಮಾಡೂದು, ಅಡವ್ಯಾಗ ಹೆಣ್ಮಕ್ಕಳು ಹೋಗಬಹುದಾ, ಅಷ್ಟು ದಿನ ಹಿತ್ತಲದಾಗಿನ ಟೊಮ್ಯಾಟೊ ಗಿಡಕ್ಕ ನೀರು ಹೆಂಗ ಅಂತ ಕೇಳೀರಿ. ಟೊಮ್ಯಾಟೊಗೆ ಎಲ್ಲಾರೂ ಉತ್ತರ ಕೊಟ್ಟಾರ, ಬುಡಕ್ಕ ಒಣಾ ಹುಲ್ಲು ಹೊಚ್ಚಿ ಬಾಜೂ ಮನಿಯವರಿಗೆ ಹಣ್ಣು ನೀವ ಹರಕೋರಿ ಅಂತ ಹೇಳಿ ಹೋಗ್ರಿ, ನೀರು ತಾನ ಬೀಳತೈತಿ. ನಾ ಉಳದಿದ್ದಕ್ಕ ಹೇಳ್ತೀನಿ. ಅಡ್ಮಿನ್ ಸರ್, ಇದು ನಮ್ಮ ಕೈತೋಟದ ಗ್ರೂಪಿನ ವಿಷಯ ಅಲ್ಲ, ಒಂದ್ ಸಲ ಕಣ್ಣು ಮುಚ್ಚಗೋರಿ.

ಮೊದಲನೇ ಮಾತು, ಎಲ್ಲಾರೂ ಇಳಕಲ್ಲಿಂದ ಶ್ರೀಶೈಲ ಎಷ್ಟ್ ಕಿಲೋಮೀಟರ್ ಅಂತ ಕೇಳ್ತಾರ, 350ರ ಆಜುಬಾಜು ಐತಿ, ಆದ್ರ ಆ ಲೆಕ್ಕಕ್ಕ ಅಂಜಬ್ಯಾಡ್ರಿ. ಮುದಗಲ್, ಲಿಂಗಸುಗೂರು, ಕವಿತಾಳ, ಸಿರವಾರ, ರಾಯಚೂರು, ಮುಂದ ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು (ಕೆಲವರು ಮಂತ್ರಾಲಯದ ಕಡಿಂದ ಸುತ್ತಿ ಬರ್ತಾರ), ಅಲ್ಲೀತನಕ ಡಾಂಬರ್ ರೋಡು, ಊರಿಗೊಂದು ದಾಸೋಹ, ಮಜ್ಜಿಗಿ, ಕಲ್ಲಂಗಡಿ, ಮಾತ್ರಿ, ಸುಸ್ತಾದ್ರ ಹಿಂದ ಬರೂ ಟೆಂಪೋ, ಎಲ್ಲಾ ಐತಿ. ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಅಡವಿ ಹೊಕ್ಕ ಮ್ಯಾಲ ಇರೂದು ಸುಮಾರು 40 ಕಿಲೋಮೀಟರ್. ಖರೇ ಪಾದಯಾತ್ರಿ ಅದ. ತಯಾರಿ ಏನ್ ಮಾಡಿದ್ರೂ ಆ 40ಕ್ಕ ಮಾಡ್ರಿ, ಮೊದಲಿನ ಮುನ್ನೂರನ್ನ ಮಂದಿ ನಡಸಕೊಂಡು ಹೋಗ್ತಾರ.

ಶೂ ವಿಷಯ. ಹೊಸಾದು ಬ್ಯಾಡ, ಬ್ಯಾಡ, ಬ್ಯಾಡ. ಹೊಂಡೂ ಹಿಂದಿನ ದಿನ ಅಂಗಡಿಗೆ ಹೋಗಿ ಎರಡ್ ಸಾವಿರದ ಶೂ ತಂದವರು ಲಿಂಗಸುಗೂರಿನಾಗ ಅದನ್ನ ಕೊಳ್ಳಾಗ ಹಾಕ್ಕೊಂಡು ಬರೀಗಾಲಲ್ಲಿ ನಡ್ಯೂದು ಪ್ರತಿ ವರ್ಷ ನೋಡ್ತೀವಿ. ಈಗ ತಗೊಂಡು ತಿಂಗಳ ಒಪ್ಪತ್ತು ಮನ್ಯಾಗ, ಪ್ಯಾಟ್ಯಾಗ ಅದರಾಗ ಅಡ್ಡಾಡ್ರಿ. ಸಂಜೀ ಹೊತ್ತು ಹೋಗಿ ಕೊಳ್ರಿ, ಯಾಕಂದ್ರ ಸಂಜಿಗೆ ಕಾಲು ಊದಿರತಾವ, ದಿನಾ 30 ಕಿಲೋಮೀಟರ್ ನಡದ್ರ ಇನ್ನೂ ಊದತಾವ, ಬೆರಳ ಮುಂದ ಹೆಬ್ಬೆರಳ ಅಗಲದಷ್ಟು ಜಾಗಾ ಇರಬೇಕು. ನಮ್ಮ ತಂಡದಾಗ ಅರ್ಧ ಹೆಣ್ಮಕ್ಕಳು ಸಾಕ್ಸ್ ಮ್ಯಾಲ ಹಿಂದ ಬೆಲ್ಟ್ ಇರೂ ಸ್ಯಾಂಡಲ್ ಹಾಕ್ಕೊಂಡು ನಡೀತಾರ, ನೋಡಾಕ ಚಂದ ಇರೂದಿಲ್ಲ, ಕಾಲಿಗೆ ಭಾಳ ಚಲೋ. ಹವಾಯಿ ಚಪ್ಪಲಿ ರಾತ್ರಿ ವಸ್ತಿ ಮಾಡೂ ಕಡೆ ಹಾಕ್ಕೊಳ್ಳಾಕ ಅಷ್ಟ. ನಮ್ಮತ್ತಿ ಮೊದಲ ನಕ್ಕಿದ್ರು, ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋಗುವಾಗ ಸ್ಪೋರ್ಟ್ಸ್ ಶೂ ಹಾಕ್ಕೊಂಡಿದ್ಲೇನ ಅಂತ. ಮುದಗಲ್ ಕ್ವಾಟಿ ಕಾಣೂದರಾಗ "ನಿನ್ನ ಇನ್ನೊಂದ್ ಜೋಡಿ ಕೊಡವಾ" ಅಂದ್ರು.

ಬರೀಗಾಲಿನ ಹರಕಿ ಹೊತ್ತವರಿಗೆ ನಾ ಏನೂ ಅನ್ನೂದಿಲ್ಲ, ಅವರವರ ಭಕ್ತಿ. ಹಂಗ ನಡಿಯೂದಿದ್ರ ರೋಡಿನ ಬಾಜೂಕ ಬಳದ ಬಿಳಿ ಪಟ್ಟಿ ಮ್ಯಾಲ ನಡೀರಿ, ಕರೀ ಡಾಂಬರಿಗಿಂತ ಅದು ಕಡಿಮಿ ಸುಡತೈತಿ. ಆದ್ರ ನಿಮ್ಮ ಅತ್ತಿಯವರಿಗೆ ಶುಗರ್ ಐತಿ ಅಂತ ಬರದೀರಿ, ಅವರಿಗೆ ಬರೀಗಾಲು ಬಿಲ್ಕುಲ್ ಬ್ಯಾಡ. ಶುಗರ್ ಇದ್ದವರ ಅಂಗಾಲಿಗೆ ಮುಳ್ಳು ಹೊಕ್ಕಿದ್ದೂ ಗೊತ್ತಾಗೂದಿಲ್ಲ, ಸುಟ್ಟಿದ್ದೂ ಗೊತ್ತಾಗೂದಿಲ್ಲ. ದಿನಾ ರಾತ್ರಿ ಮಕ್ಕೊಳ್ಳೂ ಮುಂದ ಬ್ಯಾಟರಿ ಹಚ್ಚಿ ಅವರ ಪಾದ, ಬೆರಳ ಸಂದಿ ನೀವ ನೋಡ್ರಿ, ಅವರು "ಏನೂ ಆಗಿಲ್ಲ ಬಿಡವಾ" ಅಂದ್ರೂ ನೋಡ್ರಿ. ಬಿಸಿನೀರಾಗ ಕಾಲು ಇಡೂ ಮೊದಲ ನೀವು ಮೊಣಕೈ ಅದ್ದಿ ನೋಡ್ರಿ. ಇಷ್ಟು ನಡದ್ರ ಶುಗರ್ ಇಳೀತೈತಿ, ಅದಕ್ಕ ಮಾತ್ರಿ ಡೋಸ್ ಹೆಂಗ ಅಂತ ಹೋಗೂ ಮೊದಲ ಅವರ ಡಾಕ್ಟರನ್ನ ಕೇಳ್ರಿ, ಕಿಸೇದಾಗ ಸಕ್ಕರಿ ಪುಡಿಕಿ ಇರಲಿ. ಬೆವತು ಕೈ ನಡಗಾಕ ಹತ್ತಿದ್ರ ಕುಂದ್ರಿಸಿ ಮೊದಲ ಸಕ್ಕರಿ ಕೊಡ್ರಿ, ಮಾತು ಆಮ್ಯಾಲ.

ಬೊಬ್ಬಿ ಬಂದ ಮ್ಯಾಲ ಏನ್ ಮಾಡೂದು ಅನ್ನೂಕಿಂತ ಬರೂ ಮೊದಲ ಹಿಡೀರಿ. ಒಂದ್ ಜಾಗಾ ಉರದಂಗ ಆತಂದ್ರ ಅಲ್ಲೇ ನಿಂದರ್ರಿ, ತಂಡದವರು ಮುಂದ ಹೋಗ್ಲಿ, ಶೂ ಬಿಚ್ಚಿ ಕಾಲು ಆರಿಸಿ ಮೆಡಿಕಲ್ ಶಾಪಿನಾಗ ಸಿಗೂ ಪೇಪರ್ ಟೇಪ್ ಅಂಟಿಸಿ ಸಾಕ್ಸ್ ಬದಲು ಮಾಡ್ರಿ. "ಮುಂದಿನ ಊರಾಗ ನೋಡೂನು" ಅಂತ ಹೋದ್ರ ಮುಂದಿನ ಊರಾಗ ಬೊಬ್ಬಿ ರೆಡಿ ಇರತೈತಿ. ಸಣ್ಣದಿದ್ರ ಒಡೀಬ್ಯಾಡ್ರಿ. ದೊಡ್ಡದಾಗಿ ಕಾಲು ಊರಾಕ ಬರಲಾರದಂಗ ಆದ್ರ ಹೊಸಾ ಸೂಜಿ ಸ್ಪಿರಿಟಿನಾಗ ಒರಸಿ, ಅಂಚಿನಾಗ ಚುಚ್ಚಿ ನೀರು ತಗೀರಿ, ಮ್ಯಾಲಿನ ಚರ್ಮ ಕೀಳಬ್ಯಾಡ್ರಿ, ಅದ ನಿಮ್ಮ ಬ್ಯಾಂಡೇಜು. ಸೂಜಿದಾರ ಪೋಣಿಸಿ ದಾರ ಒಳಗ ಬಿಡೂ ಪದ್ಧತಿ ಭಾಳ ಮಂದಿ ಮಾಡ್ತಾರ, ನನಗ ಸೇರೂದಿಲ್ಲ, ಆ ದಾರದ ಗುಂಟ ಹೊಲಸು ಒಳಗ ಹೋಗಿ ಕೀವು ಆಗತೈತಿ. ಅತ್ತಿಯವರಿಗೆ ಬಂದ್ರ ಮಾತ್ರ ಮನೀ ವೈದ್ಯ ಬ್ಯಾಡ, ದಾರ್ಯಾಗ ಮೆಡಿಕಲ್ ಕ್ಯಾಂಪ್ ಇರತಾವ, ಅಲ್ಲೇ ತೋರಸ್ರಿ.

ಇನ್ನೊಂದು ಯಾರೂ ಬಾಯಿ ಬಿಟ್ಟು ಹೇಳಲಾರದ ವಿಷಯ, ತೊಡಿ ಸಂದು. ಬೆವರಿಗೆ ಉಪ್ಪು ಕೂತು ಚರ್ಮ ಕೆತ್ತಿ ಹೋಗತೈತಿ, ಬೊಬ್ಬಿಗಿಂತ ಅದ ಹೆಚ್ಚು ಅಳಸತೈತಿ. ಒಳಗ ಮೊಣಕಾಲತನಕ ಬರೂ ಕಾಟನ್ ಲೆಗ್ಗಿಂಗ್ಸ್ ಹಾಕ್ಕೋರಿ, ಹೊಂಡೂಕಿಂತ ಮೊದಲ ಕೊಬ್ರಿ ಎಣ್ಣಿನೋ ವ್ಯಾಸಲಿನ್ನೋ ಹಚ್ಚರಿ. ನಮ್ಮೂರ ಗಂಡಸರು ಮರ್ಯಾದಿ ಅಂತ ಹೇಳದ ಕಾಲು ಅಗಲಿಸಿ ಅಗಲಿಸಿ ನಡೀತಿದ್ರು, ಹಿಂದ ಬರೂ ಮುದುಕಿ ಒಬ್ಬಾಕಿ "ಯಾಕೋ ತಮ್ಮಾ, ಇನ್ನೂ ಕುದರಿ ಮ್ಯಾಲ ಅದೀಯೇನ" ಅಂತ ಕೇಳೇಬಿಟ್ಲು.

ಹೊತ್ತಿನ ವಿಷಯಕ್ಕ ಬರೂನು. ಯುಗಾದಿ ಹೊತ್ತಿಗೆ ರಾಯಚೂರ ಕಡೆ ಬಿಸಿಲು 40 ಡಿಗ್ರಿ ಮುಟ್ಟಿರತೈತಿ. ಬೆಳಗಿನ 3ಕ್ಕ ಎದ್ದು ಹೊಂಟು 10ರೊಳಗ ಗುಡಿನೋ ಸಾಲಿನೋ ಗಿಡದ ನೆಳ್ಳೋ ಹಿಡೀರಿ, ಮತ್ತ 4 ಗಂಟೆ ಮ್ಯಾಲ ಎದ್ದು ರಾತ್ರಿ 8ರ ತನಕ. ಕತ್ತಲಾಗ ನಡಿಯೂದರಿಂದ ಅಡವಿ ಪ್ರಾಣಿಗಿಂತ ಲಾರಿಗೆ ಹೆಚ್ಚು ಅಂಜಬೇಕು. ರೋಡಿನ ಬಲಕ್ಕ ನಡೀರಿ, ಎದುರು ಬರೂ ಗಾಡಿ ಕಣ್ಣಿಗೆ ಕಾಣತೈತಿ, ಬ್ಯಾಗಿನ ಹಿಂದ ಮುಂದ ಹೊಳಿಯೂ ಟೇಪ್ ಹಚ್ಚರಿ, ಒಬ್ಬರ ಹಿಂದ ಒಬ್ಬರು ಹೋಗ್ರಿ, ಕಿವ್ಯಾಗ ಇಯರ್‌ಫೋನ್ ಬ್ಯಾಡ. ಅಲ್ಲಿ ಭಜನಿ ಪದ ಪುಕ್ಕಟ ಸಿಗತಾವ, ಮೊಬೈಲ್ ಹಾಡು ಯಾಕ ಬೇಕು.

ಊಟದ ಚಿಂತಿ ಮಾಡಬ್ಯಾಡ್ರಿ, ಊಟ ಹೆಚ್ಚಾಗೂ ಚಿಂತಿ ಮಾಡ್ರಿ. ಹಿಂಗಾರಿ ಜ್ವಾಳದ ರಾಶಿ ಮುಗದು ಕಣಜ ತುಂಬಿದ ಹೊತ್ತು ಅದು, ರೈತರ ಕೈ ಬಿಚ್ಚಿರತೈತಿ, ಟ್ರ್ಯಾಕ್ಟರ್ ಅಡ್ಡ ನಿಂದ್ರಿಸಿ ಕೈ ಮುಗದು ಉಣಸ್ತಾರ. ಇಲ್ಲಿ ಗೋದಿ ಹುಗ್ಗಿ, ಅರ್ಧ ಕಿಲೋಮೀಟರಿಗೆ ಮಿರ್ಚಿ ಭಜಿ, ಮುಂದ ಉಪ್ಪಿಟ್ಟು, ಅದರ ಮುಂದ ಕಬ್ಬಿನ ಹಾಲು. ಬ್ಯಾಡ ಅಂದ್ರ ಸಿಟ್ಟಾಗ್ತಾರ, ಎಲ್ಲಾ ತಿಂದ್ರ ಹೊಟ್ಟಿ ಸಿಟ್ಟಾಗತೈತಿ. ನಮ್ಮ ತಂಡದ ಕಾಕಾ ಒಬ್ಬರು ತೂಕ ಇಳಸಾಕ ಅಂತ ಬಂದಿದ್ರು, ಮಲ್ಲಯ್ಯನ (ಶ್ರೀಶೈಲದ ಮಲ್ಲಿಕಾರ್ಜುನ) ಪ್ರಸಾದ ಬ್ಯಾಡ ಅನಬಾರದು ಅಂತ ಒಂದೂ ಟೆಂಟ್ ಬಿಡಲಿಲ್ಲ, ಊರಿಗೆ ಬಂದು ತೂಗಿದ್ರ ಮೊದಲಿಗಿಂತ ಜಾಸ್ತಿ. ಈಗೂ ಅವರು ಕಾಟಾನ ಸರಿ ಇಲ್ಲ ಅಂತಾರ. ನೀವು ಮಜ್ಜಿಗಿ, ಅಂಬಲಿ, ಬಾಳಿಹಣ್ಣು, ರೊಟ್ಟಿಗೆ ಹೌದು ಅನ್ರಿ, ಕರದಿದ್ದಕ್ಕ ಕೈ ಮುಗದು ಒಂದ್ ತುಣುಕು ತಗೋರಿ ಸಾಕು. ಬರೇ ನೀರು ಕುಡೀಬ್ಯಾಡ್ರಿ, ನಡುವ ಓಆರ್‌ಎಸ್ ಇರಲಿ. ಅತ್ತಿಯವರಿಗೆ ಬಿಪಿನೂ ಇದ್ರ ಓಆರ್‌ಎಸ್ ಬಗ್ಗೆನೂ ಡಾಕ್ಟರನ್ನ ಕೇಳಿಬಿಡ್ರಿ.

ಹೆಣ್ಮಕ್ಕಳ ಪ್ರಶ್ನಿ. ಹೋಗಬಹುದು, ಸಾವಿರಗಟ್ಟಲೆ ಹೋಗ್ತಾರ, ಕೂಸು ಬಗಲಾಗ ಹೊತ್ತವರೂ ಅದಾರ. ಜಳಕಕ್ಕ ಹೊಲದ ಪಂಪಸೆಟ್ಟು, ಕತ್ತಲ ಇದ್ದಾಗ ಮುಗಸಗೋರಿ, ನೈಟಿ ಒಂದು ಇದ್ರ ಅದರ ಮ್ಯಾಲ ಹೊಯ್ಕೊಂಡು ಒಳಗ ಬದಲು ಮಾಡಾಕ ಬರತೈತಿ. ಶೌಚಕ್ಕ ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಹೋಗಿಬಿಡ್ರಿ, ಬೇಕಾಗಿರಲಿ ಬಿಡಲಿ. ಆ ಕಾರಣಕ್ಕ ನೀರು ಕಡಿಮಿ ಕುಡಿಯೂ ಹೆಣ್ಮಕ್ಕಳನ್ನ ಕಂಡ್ರ ನನಗ ಸಿಟ್ಟ ಬರತೈತಿ, ಮೂರನೇ ದಿನಕ್ಕ ಉರಿಮೂತ್ರ ಅಂತ ಅಳ್ತಾರ. ತಿಂಗಳ ದಿನ ನಡುವ ಬರೂದಿದ್ರ ಕೆಲವು ಹಿರ್ಯಾರು ಕಂಬಿಯಿಂದ (ಮಲ್ಲಯ್ಯನ ಹೆಸರಿಲೆ ಹೆಗಲ ಮ್ಯಾಲ ಹೊತ್ತೊಯ್ಯೂ ಪೂಜಿ ಕೋಲು) ಸ್ವಲ್ಪ ದೂರ ನಡೀ ಅಂತಾರ, ನಡೀರಿ, ಗಾಳಿ ಚಲೋ ಬರತೈತಿ ಅಲ್ಲಿ, ವಾದ ಹಾಕಿ ದಮ್ಮು ಕಳಕೋಬ್ಯಾಡ್ರಿ. ಮುಂದಕ್ಕ ಹಾಕೂ ಮಾತ್ರಿ ಮಾತ್ರ ಡಾಕ್ಟರ್ ಹೇಳದ ತಗೋಬ್ಯಾಡ್ರಿ.

ಈಗ ಅಡವಿ. ಇದು ನಾಗಾರ್ಜುನಸಾಗರ ಶ್ರೀಶೈಲಂ ಹುಲಿ ಮೀಸಲು ಪ್ರದೇಶ, ಬೇಕಾದಾಗ ಹೋಗಾಕ ಬರೂದಿಲ್ಲ, ಶಿವರಾತ್ರಿಗೆ ಮತ್ತ ಯುಗಾದಿಗೆ ಅರಣ್ಯ ಇಲಾಖೆಯವರು ಕೆಲವು ದಿನ ದಾರಿ ಬಿಡ್ತಾರ. ಯಾವ ದಿನದಿಂದ ಅಂತ ಆ ವರ್ಷದ್ದು ವಿಚಾರಿಸಿ ನಿಮ್ಮ ಹೊಂಡೂ ದಿನ ಗೊತ್ತು ಮಾಡ್ರಿ, ಇಲ್ಲಾಂದ್ರ ಅಡವಿ ಬಾಗಲಾಗ ಕುಂತು ದಿನ ಎಣಸಬೇಕಾಗತೈತಿ. ನಾಗಲೂಟಿ ವೀರಭದ್ರನ ಗುಡಿ, ಪೆಚ್ಚೆರುವು, ಭೀಮುನಿ ಕೊಲನು, ಕೈಲಾಸ ದ್ವಾರ, ಹಿಂಗ ದಾರಿ. ಭಾಳ ಮಂದಿ ಪೆಚ್ಚೆರುವಿನಾಗ ರಾತ್ರಿ ಇರ್ತಾರ, ನೀವೂ ಅಲ್ಲೇ ಇರ್ರಿ, ಒಂದ ದಿನದಾಗ ದಾಟತೀವಿ ಅನ್ನೂ ಹುಡುಗರ ಬೆನ್ನ ಹತ್ತಬ್ಯಾಡ್ರಿ.

ಇಲ್ಲಿ ಎಲ್ಲಾರೂ ಸಿಕ್ಕಿಬೀಳೂದು ಒಂದ ಕಡೆ. ಟೆಂಪೋ ಅಡವ್ಯಾಗ ಬರೂದಿಲ್ಲ, ದೋರ್ನಾಲ ಸುತ್ತಿ ರೋಡಿಗೆ ಶ್ರೀಶೈಲಕ್ಕ ಹೋಗತೈತಿ. ಅಲ್ಲೀತನಕ ಟೆಂಪೋ ಐತಲ್ಲ ಅಂತ ಕೈ ಬೀಸಕೊಂತ ಬಂದವರು ಅವತ್ತು ಅವಸರದಾಗ ಮಾತ್ರಿ, ಸ್ವೆಟರ್, ಬ್ಯಾಟರಿ ಎಲ್ಲಾ ಅದರಾಗ ಬಿಟ್ಟು ಒಳಗ ಹೊಕ್ಕಿರ್ತಾರ. ಆತ್ಮಕೂರಿನಾಗ ಕುಂತು ಸಣ್ಣ ಬ್ಯಾಗ್ ಬ್ಯಾರೆ ತುಂಬ್ರಿ: ಎರಡ್ ದಿನದ ಮಾತ್ರಿ, ತಲಾ ಎರಡ್ ಲೀಟರ್ ನೀರಿನ ಸ್ಟೀಲ್ ಬಾಟ್ಲಿ, ಶೇಂಗಾ ಹೋಳಿಗಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಟರಿ, ಚಾದರ, ಪೇಪರ್ ಟೇಪು, ಚಿಲ್ಲರ ರೊಕ್ಕ. ಫೋನ್‌ಪೇ ಅಂತ ಹೋಗಬ್ಯಾಡ್ರಿ, ಒಳಗ ನೆಟ್‌ವರ್ಕ್ ಇಲ್ಲ. ದಾಸೋಹ, ನೀರಿನ ಟ್ಯಾಂಕು ಅಲ್ಲೂ ಇರತಾವ, ಆದ್ರ ನಡುವ ತಾಸುಗಟ್ಟಲೆ ಬರೇ ಕಲ್ಲು, ಒಣಗಿದ ಎಲಿ, ಬಿದಿರು ಅಷ್ಟ. ಪ್ಲಾಸ್ಟಿಕ್ ಒಗಿಬ್ಯಾಡ್ರಿ, ವಾಪಸ್ ತರಾಕ ಒಂದ್ ಕವರ್ ಇಟ್ಗೋರಿ, ಪ್ಯಾಡೂ ಅದರಾಗ ಬರಲಿ. ಬೀಡಿ, ಕರ್ಪೂರ, ಒಲಿ ಯಾವುದೂ ಬ್ಯಾಡ, ಚೈತ್ರದ ಅಡವಿ ಒಂದ್ ಕಡ್ಡಿಗೆ ಹತ್ತಿ ಉರೀತೈತಿ.

ಭೀಮುನಿ ಕೊಲನು ಹತ್ರ ಕೊಳ್ಳಕ್ಕ ಇಳದು ಮತ್ತ ಹತ್ತಬೇಕು. ಶ್ರೀಶೈಲಕ್ಕ ಮೆಟ್ಟಲಾ ಕಟ್ಟಿಸಿದ ಪುಣ್ಯಾತ್ಮ ಅಂತ 14ನೇ ಶತಮಾನದ ಪ್ರೋಲಯ ವೇಮಾರೆಡ್ಡಿ ಹೆಸರು ಹೇಳ್ತಾರ, ಅಲ್ಲಿ ಹತ್ತುವಾಗ ಆತನ್ನ ಹೊಗಳಬೇಕೋ ಬೈಬೇಕೋ ತಿಳಿಯೂದಿಲ್ಲ. ಇಳಿಯೂದ ಹೆಚ್ಚು ಕಷ್ಟ, ಮೊಣಕಾಲು ನಡಗತಾವ, ಕೈಯಾಗ ಊರಗೋಲು ಇರಲೇಬೇಕು. ಅದಕ್ಕ ಈಗಿಂದ ಮನ್ಯಾಗ ಮಾಳಿಗಿ ಮೆಟ್ಟಲಾ ಹತ್ತಿ ಇಳೀರಿ, ಸಪಾಟ ರೋಡಿನಾಗ ವಾಕಿಂಗ್ ಮಾಡಿದ್ದು ಅಲ್ಲಿ ಕೆಲಸಕ್ಕ ಬರೂದಿಲ್ಲ. ನಾವು ಹಂತಾದ್ರಾಗ ಏದುಸಿರು ಬಿಟ್ಕೊಂತ ಕುಂತಾಗ ಮರಗಾಲು ಕಟ್ಟಕೊಂಡು ಬಂದವರು ಬಾಜೂಕ ಹಾದು ಹೋದ್ರು, ಅವರ ಹಿಂದ ಊರಿಂದ ಬೆನ್ನ ಹತ್ತಿ ಬಂದ ಕಂತ್ರಿ ನಾಯಿ ಒಂದು, ಕೊಳ್ಳಾಗ ಕೇಸರಿ ಟವೆಲ್ ತುಣುಕು. ನಮ್ಮ ಕಾಕಾ ಎದ್ದು ನಿಂತು ನಾಯಿಗೆ ಕೈ ಮುಗದ್ರು. ಅತ್ತಿಯವರಿಗೆ ಆಗೂದಿಲ್ಲ ಅನಸಿದ್ರ ಆತ್ಮಕೂರಿನಾಗ ಟೆಂಪೋ ಹತ್ತಸ್ರಿ, ಪುಣ್ಯ ಕಡಿಮಿ ಆಗತೈತಿ ಅಂತ ಯಾರರ ಅಂದ್ರ ಶ್ರೀಶೈಲದ ಹತ್ರ ಸಾಕ್ಷಿ ಗಣಪತಿ ಪೆನ್ನು ಪುಸ್ತಕ ಹಿಡಕೊಂಡು ಕುಂತಾನಲ್ಲ, ಹಾಜರಿ ಬರಕೊಳ್ಳಾಂವ ಆತ, ನೀವಲ್ಲ ಅಂತ ಹೇಳ್ರಿ.

ಶ್ರೀಶೈಲದ ದೇವಿ ಭ್ರಮರಾಂಬಾ ನಮ್ಮ ಕಡೆಯವರಿಗೆಲ್ಲಾ ಮನಿಮಗಳು, ಮಲ್ಲಯ್ಯ ಅಳಿಯ, ಅದಕ್ಕ ಸೀರಿ ಕುಪ್ಪಸ ತಗೊಂಡು ಹೋಗೂದು. ಇಳಕಲ್ಲವರಿಗೆ ಸೀರಿ ಬಗ್ಗೆ ನಾ ಏನ್ ಹೇಳಲಿ, ಆದ್ರ ಅದನ್ನೂ ಟೆಂಪೋದಾಗ ಬಿಡಬ್ಯಾಡ್ರಿ, ಟೆಂಪೋ ಎಲ್ಲಿ ನಿಂತೈತಿ ಅಂತ ಆ ಗದ್ದಲದಾಗ ಹುಡುಕೂದರಾಗ ಪಾಳಿ ಹೋಗತೈತಿ. ಗದ್ದಲ ಜಾಸ್ತಿ ಇದ್ದ ದಿನ ಲಿಂಗ ಮುಟ್ಟಾಕ ಬಿಡೂದಿಲ್ಲ, ದೂರಿಂದ ಅಲಂಕಾರ ದರ್ಶನ ಅಷ್ಟ, ಮುಟ್ಟಿ ದರ್ಶನ ಬೇಕಂದ್ರ ಯುಗಾದಿಗೆ ನಾಕೈದು ದಿನ ಮೊದಲ ಅಲ್ಲಿ ಹೋಗಿ ಸೇರೂ ಹಂಗ ಹೊಂಡ್ರಿ, ಆದ್ರ ಹಂಗ ಮಾಡಿದ್ರ ಯುಗಾದಿ ದಿನದ ತೇರು ತಪ್ಪತೈತಿ, ಎರಡರಾಗ ಒಂದು ಆರಿಸ್ಕೋರಿ. ನಾ ಆದ್ರ ತೇರು ಅಂತೀನಿ, ನಮ್ಮತ್ತಿ ಮುಟ್ಟಬೇಕು ಅಂತಾರ, ನಮ್ಮ ಮನ್ಯಾಗ ಈ ಜಗಳ ಇನ್ನೂ ಮುಗದಿಲ್ಲ.

ಬರೂ ಮುಂದ ಸಾರಿಗೆ ಸಂಸ್ಥೆ ಸ್ಪೆಷಲ್ ಬಸ್ ಬಿಟ್ಟಿರ್ತಾರ, ತೇರು ಎಳದ ರಾತ್ರಿನ ಹೊಂಡಬ್ಯಾಡ್ರಿ, ನಿಂದ್ರಾಕ ಜಾಗಾ ಸಿಗೂದಿಲ್ಲ. ಮರದಿನ ಮಧ್ಯಾಹ್ನ ಹೊಂಡ್ರಿ, ಕಾಲು ಚಾಚಾಕ ಬರೂ ಸೀಟು ಹಿಡೀರಿ, ಎರಡ್ ತಾಸಿಗೊಮ್ಮೆ ಇಳದು ಅಡ್ಡಾಡ್ರಿ. ಪಾದ ಊದಿದ್ದು ಎರಡ್ ಮೂರ್ ದಿನದಾಗ ಇಳೀತೈತಿ, ಒಂದ ಕಾಲು ಅಷ್ಟ ಊದಿ ನೋವು ಇದ್ರ ದವಾಖಾನಿಗೆ ಹೋಗ್ರಿ. ನಿಮ್ಮ ತಂಡ ಯಾವತ್ತು ಇಳಕಲ್ ಬಿಡತೈತಿ ಅಂತ ತಿಳಿಸ್ರಿ, ಮುದಗಲ್ ಹತ್ರ ನಮ್ಮೂರವರು ಮಜ್ಜಿಗಿ ಟೆಂಟ್ ಹಾಕ್ತಾರ, ಮಿರ್ಚಿ ಭಜಿನೂ ಇರತೈತಿ, ಕಾಕಾನ ಕರೀತಾರ.