ಈ ಅನಿಲ ಯಾವ ಪ್ರದೇಶದ್ದೆಂದು ಉಪಗ್ರಹಕ್ಕೆ ಹೇಗೆ ತಿಳಿಯುತ್ತದೆ?

ಪ್ರಶ್ನೆ: ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ಬೆರೆತು ಭೂಮಿಯ ತುಂಬ ಹರಡುತ್ತದೆಂದು ಓದಿದ್ದೇನೆ. ಹಾಗಿದ್ದರೆ ಇಂಥ ಪ್ರದೇಶದಿಂದ ಇಷ್ಟು ಹೊರಬಿತ್ತೆಂದು ಉಪಗ್ರಹಗಳು ಹೇಗೆ ಹೇಳುತ್ತವೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದು. ಅನಿಲ ಹೊರಬೀಳುವುದನ್ನು ಉಪಗ್ರಹ ನೋಡುವುದಿಲ್ಲ. ಅದು ಅಳೆಯುವುದು ಬೆಳಕನ್ನು. ನಾಸಾ 2014ರಲ್ಲಿ ಹಾರಿಸಿದ ಓಸಿಓ-2 ಉಪಗ್ರಹವು ಸುಮಾರು 705 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ನೆಲದಿಂದ ಪ್ರತಿಫಲಿಸಿದ ಬಿಸಿಲನ್ನು ತರಂಗಾಂತರಗಳಾಗಿ ಬಿಡಿಸುತ್ತದೆ. 1.6 ಮತ್ತು 2.06 ಮೈಕ್ರೋಮೀಟರ್‌ಗಳ ಆಸುಪಾಸಿನ ಬೆಳಕನ್ನು ಕಾರ್ಬನ್ ಡೈಆಕ್ಸೈಡ್ ಹೀರುವುದರಿಂದ, ಅಲ್ಲಿ ಬೆಳಕು ಎಷ್ಟು ಕುಂದಿದೆಯೆಂಬುದರ ಮೇಲೆ ಅಣುಗಳ ಲೆಕ್ಕ ಸಿಗುತ್ತದೆ. ಆಮ್ಲಜನಕ ಹೀರುವ 0.76 ಮೈಕ್ರೋಮೀಟರ್ ಬಳಿಯ ಬೆಳಕನ್ನೂ ಜೊತೆಗೇ ಅಳೆಯುತ್ತಾರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅದನ್ನು ಅಳತೆಗೋಲಾಗಿ ಬಳಸಬಹುದು. ಕೊನೆಗೆ ದೊರೆಯುವುದು ನೆಲದಿಂದ ವಾತಾವರಣದ ತುದಿಯವರೆಗಿನ ಇಡೀ ಗಾಳಿಕಂಬದ ಸರಾಸರಿ.

ಕಷ್ಟವಿರುವುದು ಇದರ ಮುಂದೆ. ಆ ಸರಾಸರಿ ಹತ್ತು ಲಕ್ಷಕ್ಕೆ 400 ಭಾಗಗಳಿಗೂ ಹೆಚ್ಚು; ದೊಡ್ಡ ನಗರದ ಮೇಲೆ ಅದು ಏರುವುದಾದರೂ ಕೆಲವೇ ಭಾಗಗಳಷ್ಟು. ಎಲ್ಲಿ ಎಷ್ಟು ಹೊರಬಿದ್ದಿದ್ದರೆ, ಅಂದಿನ ಗಾಳಿ ಅದನ್ನು ಹೊತ್ತೊಯ್ದು ಈ ಸಣ್ಣ ಏರಿಳಿತ ಮೂಡೀತು ಎಂದು ಕಂಪ್ಯೂಟರ್ ಮಾದರಿಗಳಲ್ಲಿ ಹಿಮ್ಮುಖವಾಗಿ ಲೆಕ್ಕ ಹಾಕುತ್ತಾರೆ. ಹೀಗಾಗಿ ಪ್ರದೇಶವಾರು ಅಂಕಿಗಳು ನೇರ ಅಳತೆಗಳಲ್ಲ, ಅಳತೆಯನ್ನು ಆಧರಿಸಿದ ಅಂದಾಜುಗಳು. ದೋಷದ ಮಿತಿಯನ್ನು ಹೇಳದೆ ಅವನ್ನು ಉಲ್ಲೇಖಿಸುವುದು ತಪ್ಪೆಂದೇ ನಾನು ಭಾವಿಸುತ್ತೇನೆ.

ಈ ವಿಧಾನದ ಶಕ್ತಿ ಕಂಡದ್ದು 2015ರ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ಮೇಲ್ಮೈ ನೀರು ಬಿಸಿಯೇರಿ ಹವಾಮಾನ ಏರುಪೇರಾಗುವ ವಿದ್ಯಮಾನದ ಸಮಯದಲ್ಲಿ. ಆ ವರ್ಷ ಉಷ್ಣವಲಯದ ನೆಲಭಾಗಗಳಿಂದ 2011ಕ್ಕಿಂತ ಸುಮಾರು 250 ಕೋಟಿ ಟನ್ ಹೆಚ್ಚು ಇಂಗಾಲ ವಾತಾವರಣ ಸೇರಿತೆಂದು ತಿಳಿದುಬಂತು. 2011ರ ಚಿತ್ರಕ್ಕೆ ನೆರವಾದದ್ದು 2009ರಲ್ಲಿ ಹಾರಿದ ಜಪಾನಿನ ಗೋಸ್ಯಾಟ್ ಉಪಗ್ರಹ. ಮೂರು ಖಂಡಗಳ ಪಾಲು ಹತ್ತಿರಹತ್ತಿರ ಸಮನಾಗಿದ್ದರೂ ಕಾರಣಗಳು ಬೇರೆಬೇರೆಯಾಗಿದ್ದವು: ದಕ್ಷಿಣ ಅಮೆರಿಕದಲ್ಲಿ ಬರದಿಂದಾಗಿ ಗಿಡಮರಗಳ ದ್ಯುತಿಸಂಶ್ಲೇಷಣೆ ಕುಗ್ಗಿತ್ತು, ಆಫ್ರಿಕದಲ್ಲಿ ಬಿಸಿಯೇರಿ ಸಸ್ಯಗಳ ಉಸಿರಾಟವೂ ಜೈವಿಕ ವಸ್ತುಗಳ ಕೊಳೆಯುವಿಕೆಯೂ ಹೆಚ್ಚಿತ್ತು, ಇಂಡೋನೇಷ್ಯ ಸೇರಿದ ಉಷ್ಣವಲಯದ ಏಷ್ಯದಲ್ಲಿ ಕಾಡೂ ಅರೆಕೊಳೆತ ಸಸ್ಯಗಳು ಪದರಗಟ್ಟಿದ ಪೀಟ್ ನೆಲವೂ ಹೊತ್ತಿ ಉರಿದಿದ್ದವು. ಕಾರಣಗಳನ್ನು ಬೇರ್ಪಡಿಸಲು ಬೆಂಕಿಯ ಗುರುತಾದ ಕಾರ್ಬನ್ ಮಾನಾಕ್ಸೈಡನ್ನೂ, ಬಿಸಿಲು ಬಿದ್ದಾಗ ಎಲೆಯ ಪತ್ರಹರಿತ್ತು ಹೊಮ್ಮಿಸುವ ಮಂದ ಹೊಳಪನ್ನೂ ಉಪಗ್ರಹಗಳಿಂದಲೇ ಅಳೆದಿದ್ದರು. ಎಲೆಯ ಆ ಹೊಳಪು ಅಷ್ಟು ದೂರಕ್ಕೆ ಕಾಣುತ್ತದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಮೋಡದಾಚೆ ಈ ಉಪಕರಣಗಳು ನೋಡಲಾರವು. ನಮ್ಮಲ್ಲಿ ಹಸಿರು ಚಿಗುರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲೇ ಒಳ್ಳೆಯ ಅಳತೆಗಳು ತೀರ ವಿರಳ. ಆ ತಿಂಗಳುಗಳ ಲೆಕ್ಕಕ್ಕೆ ನೆಲದ ಮೇಲಿನ ಅಳತೆ ಕೇಂದ್ರಗಳನ್ನೇ ನೆಚ್ಚಬೇಕಾಗುತ್ತದೆ.