ಚಿಲಿಕಾಕ್ಕೆ ಎಷ್ಟು ದಿನ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಪುರಿ ಯಾತ್ರೆಗೆ ಹೊರಟಿದ್ದೇವೆ. ಚಿಲಿಕಾ ನೋಡಲು ಒಂದು ದಿನ ಸಾಕೇ? ಅದು ಸಮುದ್ರವೋ, ಸರೋವರವೋ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಧ್ಯವಾದರೆ ಎರಡು ದಿನ ಇಟ್ಟುಕೊಳ್ಳಿ. ಸಾವಿರಾರು ವರ್ಷಗಳ ಹಿಂದೆ ಬಂಗಾಳ ಕೊಲ್ಲಿಯದೇ ಭಾಗವಾಗಿದ್ದ ಚಿಲಿಕಾವನ್ನು, ಅಲೆಗಳು ದಡದುದ್ದಕ್ಕೂ ತಂದು ಸುರಿದ ಮರಳು ಉದ್ದನೆಯ ದಿಬ್ಬವಾಗಿ ಬೆಳೆದು ಕಡಲಿನಿಂದ ಬೇರ್ಪಡಿಸಿತು. ಮಹಾನದಿಯ ಕವಲುಗಳ ಸಿಹಿನೀರು ಮತ್ತು ಅಳಿವೆಯಿಂದ ಒಳಬರುವ ಉಪ್ಪುನೀರು ಇಲ್ಲಿ ಬೆರೆಯುವುದರಿಂದ ಇದು ಕಡಲಂಚಿನ ಹಿನ್ನೀರು (ಲಗೂನ್) ಎನ್ನುವುದೇ ಸರಿ. ಹೂಳು ತುಂಬಿ ಉಪ್ಪಿನಂಶ ಕುಸಿದು, ಜೊಂಡು ಹಬ್ಬಿ, ಮೀನುಗಾರರ ಬದುಕೇ ಅಲುಗಾಡಿದ ಕಾಲವೂ ಇತ್ತು. 1981ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸಾರ್ ಪಟ್ಟಿ ಸೇರಿದ್ದ ಈ ತಾಣ 1993ರಲ್ಲಿ ಅಪಾಯದಲ್ಲಿರುವ ಜೌಗುತಾಣಗಳ ಪಟ್ಟಿಗೂ ಸೇರಿತು. 2000ದಲ್ಲಿ ಹೊಸ ಅಳಿವೆಯನ್ನು ತೋಡಿದ ಮೇಲೆ ಮೀನಿನ ಇಳುವರಿ ಚೇತರಿಸಿಕೊಂಡಿತು, 2002ರಲ್ಲಿ ಚಿಲಿಕಾ ಅಪಾಯದ ಪಟ್ಟಿಯಿಂದ ಹೊರಬಂದಿತು.

ಪುರಿಯಿಂದ ಸುಮಾರು 50 ಕಿ.ಮೀ. ದೂರದ ಸಾತಪಡಾದಲ್ಲಿ ಇರಾವದಿ ಡಾಲ್ಫಿನ್‌ಗಳನ್ನು ಕಾಣಬಹುದು. ಇವಕ್ಕೆ ಚೂಪು ಮೂತಿಯಿಲ್ಲ. ಬೂದುಬಣ್ಣದ ದುಂಡು ತಲೆ ಸದ್ದಿಲ್ಲದೆ ಮೇಲೆದ್ದು, ಉಸಿರೆಳೆದು, ಮುಳುಗಿಬಿಡುತ್ತದೆ. ದೋಣಿಯವರು ಬೆನ್ನಟ್ಟಲು ಹೊರಟರೆ ದಯವಿಟ್ಟು ತಡೆಯಿರಿ, ದೂರದಲ್ಲೇ ಎಂಜಿನ್ ನಿಲ್ಲಿಸಲು ಹೇಳಿ.

ಎರಡನೆಯ ದಿನ ಮುಂಜಾನೆಯೇ ಉತ್ತರ ದಡದ ಮಂಗಳಾಜೋಡಿಗೆ ಹೋಗಿ. ಒಂದು ಕಾಲಕ್ಕೆ ಹಕ್ಕಿಬೇಟೆಗೆ ಕುಖ್ಯಾತವಾಗಿದ್ದ ಈ ಊರಿನಲ್ಲಿ ಅಂದಿನ ಬೇಟೆಗಾರರಲ್ಲಿ ಹಲವರು ಇಂದು ಕಾವಲುಗಾರರು, ಮಾರ್ಗದರ್ಶಕರು. ಉದ್ದನೆಯ ಗಳು ಊರಿ ದೋಣಿ ನಡೆಸುತ್ತಾ ಸೂಜಿಬಾಲದ ಬಾತುಗಳ ಹತ್ತಿರಕ್ಕೇ ಕರೆದೊಯ್ಯುತ್ತಾರೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಚಳಿಗಾಲದಲ್ಲಿ ಚಿಲಿಕಾದಲ್ಲಿ ಇರುತ್ತವೆ.