ಓದುಗರ ಪ್ರಶ್ನೆ: ಹಲ್ಲಿಗೂ ರುಚಿಗೂ ಏನು ನಂಟು?

ಪ್ರಶ್ನೆ: ಮಂಗಳೂರಿನಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದೇವೆ. ಹೊಸ ಮೆನು ಕಾರ್ಡಿಗೆ ಇಂಗ್ಲಿಷ್ ಬರೆದುಕೊಟ್ಟವರು ನೀರುದೋಸೆ, ಪತ್ರೊಡೆ ಎರಡಕ್ಕೂ ‘ಟೂತ್‌ಸಮ್’ ಎಂದು ಹಾಕಿದ್ದಾರೆ. ಇದರ ಅರ್ಥವೇನು? ಹಾಗೆಯೇ ಅಚ್ಚು ಹಾಕಿಸಬಹುದೇ?
— ಓದುಗರು, ಕದ್ರಿ

ಉತ್ತರ: ಪದ ತಪ್ಪಲ್ಲ. ‘ಟೂತ್‌ಸಮ್’ ಎಂದರೆ ರುಚಿಯಾದ, ತಿನ್ನಲು ಹಿತವಾದ ಎಂದರ್ಥ. ‘ಟೂತ್’ ಹಲ್ಲೇ ಆದರೂ, 14ನೇ ಶತಮಾನದಷ್ಟು ಹಿಂದೆಯೇ ಇಂಗ್ಲಿಷಿನಲ್ಲಿ ಅದಕ್ಕೆ ನಾಲಿಗೆಯ ಚಪಲ ಎಂಬ ಅರ್ಥವೂ ಸೇರಿಕೊಂಡಿತ್ತು. ಸಿಹಿಪ್ರಿಯರಿಗೆ ‘ಸ್ವೀಟ್ ಟೂತ್’ ಇದೆ ಎನ್ನುವುದು ಈ ಬಳಕೆಯಿಂದಲೇ. ಕೊನೆಯ ‘ಸಮ್’ ಎಂದರೆ ‘ಕೆಲವು’ ಅಲ್ಲ. ‘ಟೈರ್‌ಸಮ್’, ‘ಹ್ಯಾಂಡ್‌ಸಮ್’ಗಳಲ್ಲಿ ಇರುವ ಹಳೆಯ ಪ್ರತ್ಯಯ. ಎರಡೂ ಕೂಡಿ ಈ ಪದವಾದದ್ದು 16ನೇ ಶತಮಾನದಲ್ಲಿ. ಉಚ್ಚರಿಸುವಾಗ ಒತ್ತು ‘ಟೂತ್’ ಮೇಲಿರಲಿ.

ಆದರೂ ನೀರುದೋಸೆಗೆ ಇದು ಬೇಡ. ಹಲ್ಲಿನ ನೆನಪು ಬರುವುದರಿಂದ ಈಚೆಗೆ ಹಲವರು ಇದನ್ನು ‘ಅಗಿಯಲು ಗಟ್ಟಿಯಾದ’ ಎಂಬ ಅರ್ಥದಲ್ಲೂ ಬಳಸುತ್ತಾರೆ. ಬಾಯಲ್ಲಿಟ್ಟರೆ ಕರಗಬೇಕಾದ ದೋಸೆ ರಬ್ಬರಿನಂತಿದೆ ಎಂದು ಗಿರಾಕಿ ಓದಿಕೊಂಡರೆ ಕಷ್ಟ! ಹುರಿದ ಪತ್ರೊಡೆಗಾದರೆ ಒಪ್ಪೀತು. ‘ಟೂತಿ’ ಎಂದು ಮಾತ್ರ ಬರೆಯಬೇಡಿ, ಅದು ಹಲ್ಲು ಕಾಣುವ ನಗುವಿಗೆ ಹೇಳುವ ಮಾತು. ‘ಟೇಸ್ಟ್‌ಫುಲ್ ಫುಡ್’ ಕೂಡ ನಮ್ಮಲ್ಲಿ ಆಗಾಗ ಕಾಣುವ ತಪ್ಪು: ‘ಟೇಸ್ಟ್‌ಫುಲ್’ ಎಂದರೆ ಸದಭಿರುಚಿಯ, ಅಲಂಕಾರಕ್ಕೋ ಉಡುಪಿಗೋ ಸಲ್ಲುವಂಥದ್ದು. ತಿನಿಸಿಗೆ ‘ಟೇಸ್ಟಿ’ ಸಾಕು. ‘ಡೆಲಿಶಿಯಸ್’ ಇನ್ನೂ ಮೇಲಿನದು, ಅದರ ಹಿಂದೆ ‘ವೆರಿ’ ಬೇಕಿಲ್ಲ.

ನಮ್ಮ ಸಲಹೆ: ಹೊಗಳಿಕೆಯ ಪದ ಕಡಿಮೆ ಮಾಡಿ, ತಿನಿಸು ಏನೆಂದು ಹೇಳಿ. ಪತ್ರೊಡೆಯ ಕೆಳಗೆ ‘ಕೆಸುವಿನ ಎಲೆಗೆ ಅಕ್ಕಿ, ಹುಣಸೆ, ಮೆಣಸಿನ ಹಿಟ್ಟು ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸಿದ್ದು’ ಎಂಬುದನ್ನೇ ಇಂಗ್ಲಿಷಿನಲ್ಲಿ ಬರೆಸಿ. ಪರಊರಿನವರಿಗೆ ಬೇಕಾದದ್ದು ಅದೇ.